ಒಂದೇ ಕುರ್ಚಿಗೆ ಇಬ್ಬರು ಅತಿಥಿಗಳು

ಶ್ರೀಗೌರಿಯ ಅತ್ತೆ ಸುಭದ್ರಮ್ಮನವರು ಯಾರ ಮನೆಯ ಅರಿಶಿನ ಕುಂಕುಮಕ್ಕೆ ಹೋದರೂ, "ನಮ್ಮನೇಲಿ ಮಗ, ಸೊಸೆ ಇಬ್ಬರೂ ಸಂಸ್ಕೃತ ಲೆಕ್ಚರರ್ಸು" ಎಂದೇ ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಅದರ ಹಿಂದೆ ಇರಬೇಕಾದ 'ಅತಿಥಿ' ಎಂಬ ಪದವನ್ನು ಮಾತ್ರ, ಸಾರಿನ ಜೊತೆ ತಟ್ಟೆಗೆ ಬಂದ ಕರಿಬೇವನ್ನು ಅಂಚಿಗೆ ಸರಿಸಿದ ಹಾಗೆ, ಸರಿಸಿಬಿಡುತ್ತಿದ್ದರು.

ಅತಿಥಿ ಉಪನ್ಯಾಸಕರೆಂದರೆ ಕಾಲೇಜು ಶುರುವಾದಾಗ ಕರೆಸಿಕೊಂಡು, ಪರೀಕ್ಷೆ ಮುಗಿದೊಡನೆ ಕಳಿಸಿಕೊಡುವ ಜನ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್, ಹೊಸದಾಗಿ ಸೇರ್ಪಡೆ. ನೆಂಟರು ಇಷ್ಟು ವರ್ಷ ಒಂದೇ ಮನೆಯಲ್ಲಿ ಉಳಿದಿದ್ದರೆ ಮನೆಯವರು ದಾಕ್ಷಿಣ್ಯಕ್ಕಾದರೂ ಒಂದು ಕೋಣೆ ಬಿಟ್ಟುಕೊಡುತ್ತಿದ್ದರು. ಸರ್ಕಾರಕ್ಕೆ ಅಂಥ ದಾಕ್ಷಿಣ್ಯವಿರಲಿಲ್ಲ. ಪ್ರತಿ ಬೇಸಗೆಯಲ್ಲೂ ಚೀಲ ಕೈಗೆ ಕೊಟ್ಟು ಬಾಗಿಲು ತೋರಿಸುತ್ತಿತ್ತು.

ಶ್ರೀಗೌರಿಯ ಗಂಡ ವಿಷ್ಣು ಭದ್ರಾವತಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಹೀಗೆ ಅತಿಥಿಯಾಗಿ ಮಗಳು ಲಿಖಿತಾಳ ವಯಸ್ಸಿಗಿಂತ ಹೆಚ್ಚು ವರ್ಷ ಕಳೆದಿದ್ದ. ಶ್ರೀಗೌರಿ ಶಿವಮೊಗ್ಗದಲ್ಲೇ ಇನ್ನೊಂದು ಕಾಲೇಜಿನಲ್ಲಿದ್ದಳು. ಆಲ್ಕೊಳ ಸರ್ಕಲ್ಲಿನ ಹಿಂದಿನ ಬಾಡಿಗೆ ಮನೆಯಿಂದ ಬೆಳಿಗ್ಗೆ ಒಟ್ಟಿಗೆ ಹೊರಟು, ಅವನು ಬಸ್ ಸ್ಟ್ಯಾಂಡಿನ ಕಡೆ, ಅವಳು ಕಾಲೇಜಿನ ಕಡೆ ತಿರುಗುತ್ತಿದ್ದರು. ಅವಳ ಕೆಲಸವನ್ನು ಮನೆಯಲ್ಲಿ ಯಾರೂ ಹಗುರ ಮಾಡಿದ್ದಿಲ್ಲ. ಆದರೆ ಮಾತಿಗೆ ಬಂದಾಗ "ವಿಷ್ಣು ಕೆಲಸ" ಎಂದೂ "ಗೌರಿ ಕಾಲೇಜಿಗೂ ಹೋಗ್ತಾಳೆ" ಎಂದೂ ಹೇಳುತ್ತಿದ್ದರು. ಆ 'ಊ' ಅವಳ ಕಿವಿಗೆ ಸಣ್ಣ ಕಲ್ಲಿನಂತೆ ಸಿಗುತ್ತಿತ್ತು.

ಆ ವರ್ಷ ಶಿವಮೊಗ್ಗದ ಅವಳ ಕಾಲೇಜಿನಲ್ಲಿ ಸಂಸ್ಕೃತ ತೆಗೆದುಕೊಂಡ ಮಕ್ಕಳು ಒಂದು ಆಟೋದಲ್ಲಿ ಹಿಡಿಸುವಷ್ಟಾದರು. ವಿಷಯವನ್ನೇ ಮುಚ್ಚಿದರು. ದಿನಾ ಹೋಗಿಬರುವಷ್ಟು ಹತ್ತಿರದಲ್ಲಿ ಪೂರ್ತಿ ಪಾಠದ ಹೊರೆಯಿದ್ದ ಜಾಗ ಉಳಿದದ್ದು ಒಂದೇ: ಭದ್ರಾವತಿ. ಅದು ವಿಷ್ಣು ಕೂರುತ್ತಿದ್ದ ಜಾಗ. ಆಯ್ಕೆಯ ಪಟ್ಟಿಯಲ್ಲಿ ಅವನಿಗಿಂತ ಮೇಲೆ ಇದ್ದದ್ದು ಅವನ ಹೆಂಡತಿ.

ಇದಕ್ಕೆ ಕಾರಣ ವಿಷ್ಣುವೇ. ಲಿಖಿತಾ ಹೊಟ್ಟೆಯಲ್ಲಿದ್ದಾಗ, "ಸುಮ್ನೆ ಕೂತು ಬೇಜಾರಾಗುತ್ತೆ, ನೀನೂ ಬರಿ ಮಾರಾಯ್ತಿ" ಎಂದು ಅರ್ಹತಾ ಪರೀಕ್ಷೆಗೆ ಅವಳನ್ನೂ ಕಟ್ಟಿಸಿದ್ದ. ಬೇಜಾರು ಕಳೆಯಲು ಬರೆದವಳು ಪಾಸಾಗಿ ಪಟ್ಟಿಯಲ್ಲಿ ಮೇಲೇರಿದಳು. ಗಂಭೀರವಾಗಿ ಬರೆದವನು, ಪ್ರಶ್ನೆಪತ್ರಿಕೆಯಲ್ಲೇ ವ್ಯಾಕರಣ ದೋಷವಿತ್ತೆಂದು ಒಂದು ವಾರ ವಾದಿಸಿ, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

"ನೀನೇ ತಗೋ" ಎಂದ ವಿಷ್ಣು, ಊಟಕ್ಕೆ ಕೂತಾಗ.

"ಛೆ, ನೀವು ಇಷ್ಟು ವರ್ಷ ಮಾಡಿರೋದು. ನೀವೇ ತಗೊಳ್ಳಿ."

"ಇಲ್ಲ ಇಲ್ಲ, ರ‍್ಯಾಂಕ್ ನಿಂದು. ನೀನೇ ತಗೋ."

"ನಾನು ಮನೆ ನೋಡ್ಕೋತೀನಿ ಬಿಡಿ. ನೀವೇ ಹೋಗಿ."

ಪಂಕ್ತಿಯಲ್ಲಿ ಕೊನೆಯ ಹೋಳಿಗೆಯನ್ನು ಪಕ್ಕದವರ ಎಲೆಗೆ ತಳ್ಳುವ ಮರ್ಯಾದಸ್ಥರಂತೆ ಇಬ್ಬರೂ ಮಾತು ಮುಂದುವರಿಸಿದರು. ಮಜ್ಜಿಗೆ ಅನ್ನದ ಹೊತ್ತಿಗೆ ಶ್ರೀಗೌರಿಗೆ ಒಂದು ವಿಷಯ ಖಾತ್ರಿಯಾಯಿತು. ನಿಜವಾಗಿ ಬಿಟ್ಟುಕೊಡುವವನು ಒಮ್ಮೆ ಹೇಳಿ ಕೈ ತೊಳೆಯುತ್ತಾನೆ; ಇವನು ಮತ್ತೆ ಮತ್ತೆ ಹೇಳುತ್ತಿದ್ದಾನೆ. ಇನ್ನೊಂದು ವಿಷಯವೂ ಖಾತ್ರಿಯಾಯಿತು. ಅವಳೂ ಮತ್ತೆ ಮತ್ತೆ ಹೇಳುತ್ತಿದ್ದಳು.

ಕೌನ್ಸೆಲಿಂಗ್ ನಡೆದದ್ದು ಶಿವಮೊಗ್ಗದ ಒಂದು ಹಳೆಯ ಸಭಾಂಗಣದಲ್ಲಿ. ವಿಷ್ಣು ಅವಳ ಫೈಲನ್ನು ತಾನೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳ ಹೆಸರು ಕೂಗಿದಾಗ ಫೈಲು ಕೊಡಲು ಕೊಂಚ ತಡಮಾಡಿದ. ಅಥವಾ ಅವಳಿಗೆ ಹಾಗನ್ನಿಸಿತು.

"ಯಾವ ಕಾಲೇಜಮ್ಮಾ?" ಮೇಜಿನ ಹಿಂದಿದ್ದ ಅಧಿಕಾರಿಣಿ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದರು.

ಶ್ರೀಗೌರಿ ತಿರುಗಿ ನೋಡಿದಳು. ವಿಷ್ಣು ಬಹಳ ಉದಾರವಾಗಿ ತಲೆಯಾಡಿಸುತ್ತಿದ್ದ. ಮುಖವೆಲ್ಲ ತ್ಯಾಗ, ಕಾಲುಗಳು ಮಾತ್ರ ಕುರ್ಚಿಯ ಕೆಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದವು. ಅವಳು ಮುಂದಕ್ಕೆ ತಿರುಗಿದಳು.

"ಭದ್ರಾವತಿ" ಎಂದಳು. ತನ್ನ ದನಿ ಇಷ್ಟು ಸ್ಪಷ್ಟವಾಗಿ ಕೇಳಿಸಿತಲ್ಲ ಎಂದು ಅವಳಿಗೇ ಗಾಬರಿಯಾಯಿತು.

ವಾಪಸು ಬಂದಾಗ ವಿಷ್ಣು, ಪಕ್ಕದ ಮನೆಯ ತೆಂಗಿನಕಾಯಿ ತಮ್ಮ ಹೆಂಚಿನ ಮೇಲೆ ಬಿದ್ದವರ ದನಿಯಲ್ಲಿ, "ಕಂಗ್ರಾಚುಲೇಷನ್ಸ್" ಎಂದ. ಹೋಟೆಲಿಗೆ ಕರೆದುಕೊಂಡು ಹೋದ. ದೋಸೆ ಬಂತು, ಮುಗಿಯಿತು.

"ಇನ್ನೊಂದು ದೋಸೆ ಹೇಳಲಾ ನಿಮಗೆ?"

"ನಿನ್ನಿಷ್ಟ" ಎಂದ ವಿಷ್ಣು. "ಇನ್ನೇನಿದ್ರೂ ಎಲ್ಲ ನಿನ್ನಿಷ್ಟವೇ ಅಲ್ವಾ."

ಅವಳು ಹೇಳಿದಳು. ಅವನು ಅದನ್ನೂ ತಿಂದ.

ಮನೆಯಲ್ಲಿ ಸುಭದ್ರಮ್ಮ ಸಿಟ್ಟಾಗಲಿಲ್ಲ. ದೇವಸ್ಥಾನದ ಹೊರಗೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದವರನ್ನು ಕೇಳುವ ಹಾಗೆ, ಮೆತ್ತಗೆ ಕೇಳಿದರು: "ಅದು ವಿಷ್ಣುದಲ್ವೇನೇ ಗೌರಿ?"

"ಸರ್ಕಾರದ್ದು ಅತ್ತೆ."

"ಸರ್ಕಾರದ್ದೇ. ಆದ್ರೂ ಇಷ್ಟು ವರ್ಷ ಅದರ ಮೇಲೆ ಕೂತಿದ್ದೋನು ಅವನಲ್ವಾ?"

ಕೂತದ್ದು ಹೇಗೆಂಬುದು ಅವಳಿಗೆ ಭದ್ರಾವತಿಗೆ ಹೋದ ಮೊದಲ ದಿನವೇ ತಿಳಿಯಿತು. ಕಾಲೇಜಿನ ಅಟೆಂಡರ್ ಹೊನ್ನಯ್ಯ ಸ್ಟಾಫ್ ರೂಮಿನ ಮೂಲೆ ತೋರಿಸಿ, "ಇದು ಸರ್ ಕುರ್ಚಿ ಮೇಡಂ. ಬಲಗಡೆ ವಾಲುತ್ತೆ. ಸರ್ ಎಡಗಡೆ ಭಾರ ಹಾಕಿ ಕೂರ್ತಿದ್ರು" ಎಂದ. ಶ್ರೀಗೌರಿ ಎಡಗಡೆ ಭಾರ ಹಾಕಿ ಕೂತಳು. ಗಂಡ ನಡೆಯುವಾಗ ಒಂದು ಭುಜ ಇಳಿದಿರುತ್ತದಲ್ಲ, ಅದಕ್ಕೆ ತಾನು ಇಷ್ಟು ವರ್ಷ ಬಸ್ಸಿನ ಚೀಲವನ್ನು ದೂರಿದ್ದು ನೆನಪಾಯಿತು.

ಕ್ಲಾಸಿನಲ್ಲಿ ಮಕ್ಕಳು ಮೊದಲು ಕೇಳಿದ್ದು, "ಸರ್ ಯಾವಾಗ ಬರ್ತಾರೆ?" ಎಂದು. ಎರಡನೆಯದು, "ನೀವು ಹಾಡಲ್ವಾ ಮೇಡಂ?" ಎಂದು. ವಿಷ್ಣು ವಿಭಕ್ತಿಗಳನ್ನು ರಾಗ ಹಾಕಿ ಹಾಡುತ್ತಿದ್ದನಂತೆ. ಕುಣಿಯುವುದೊಂದು ಬಾಕಿಯಂತೆ. ಮನೆಯಲ್ಲಿ "ಉಪ್ಪು ಕಡಿಮೆ" ಎಂಬುದನ್ನೂ ಉಪ್ಪಿನ ಡಬ್ಬಿಯ ಕಡೆ ನೋಡಿ ಸೂಚಿಸುವ ಮನುಷ್ಯ! ಶ್ರೀಗೌರಿಗೆ, ತನ್ನ ಗಂಡನ ಹೆಸರಿನಲ್ಲಿ ಬೇರೆ ಯಾರೋ ಇಲ್ಲಿಗೆ ಬರುತ್ತಿದ್ದರೇನೋ ಎಂದು ಅನುಮಾನವಾಯಿತು.

ಮುಂದಿನ ಬೆಂಚಿನಲ್ಲಿ ಸ್ಪಂದನಾ ಎಂಬ ಹುಡುಗಿ ಕೂರುತ್ತಿದ್ದಳು. ಕಾರ್ಖಾನೆಯ ಕ್ವಾರ್ಟರ್ಸಿನ ಕಡೆಯವಳು. "ಮನೇಲಿ ತಮಿಳು, ಬೀದೀಲಿ ತೆಲುಗು, ಇಲ್ಲಿ ಕನ್ನಡ. ಸಂಸ್ಕೃತ ಒಂದು ನಂಗೆ ಹೆಚ್ಚಾಗಲ್ಲ ಮೇಡಂ" ಎನ್ನುವವಳು. ಒಂದು ದಿನ ಕ್ಲಾಸು ಮುಗಿದ ಮೇಲೆ ಅವಳು ಕೇಳಿದಳು:

"ಮೇಡಂ, ಹೈಕೋರ್ಟ್ ಅಂದ್ರೆ ನೀವೇನಾ?"

"ಏನು ಹಾಗಂದ್ರೆ?"

"ನಾವು ಕಷ್ಟದ್ದೇನಾದ್ರೂ ಕೇಳಿದ್ರೆ ಸರ್, 'ತಡೀರಿ, ಇದನ್ನ ನಮ್ಮನೆ ಹೈಕೋರ್ಟಲ್ಲಿ ಕೇಳ್ಕೊಂಡು ಬರ್ತೀನಿ' ಅಂತಿದ್ರು. ಮಾರನೇ ದಿನ ಕರೆಕ್ಟಾಗಿ ಉತ್ತರ ತರ್ತಿದ್ರು."

ಶ್ರೀಗೌರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನೇ ನೆನೆದಳು. ಅವಳು ಹುರುಳಿಕಾಯಿ ಮುರಿಯುತ್ತಿದ್ದಾಗ ವಿಷ್ಣು ಬಾಗಿಲಿಗೆ ಒರಗಿ, "ಈ ಸಮಾಸ ಬಿಡಿಸು ನೋಡೋಣ" ಎನ್ನುತ್ತಿದ್ದ. ಗಂಡ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆಂದು ಅವಳಿಗೆ ಮೈ ಉರಿಯುತ್ತಿತ್ತು. ಸಿಡುಕಿಕೊಂಡೇ ಉತ್ತರ ಹೇಳುತ್ತಿದ್ದಳು. ಅವನು ಗೊತ್ತಿಲ್ಲದೆ ಕೇಳುತ್ತಿದ್ದನೆಂದು, ಅದನ್ನು ಊರಿಗೆಲ್ಲ ಹೇಳಿಕೊಂಡಿದ್ದನೆಂದು, ಅವಳಿಗೆ ಹೇಗೆ ಗೊತ್ತಾಗಬೇಕು? ಹೋದೊಡನೆ ಅವನಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದುಕೊಂಡು ಇಳಿದಳು. ಮನೆಯಲ್ಲಿ ವಿಷ್ಣು ಅವಳ ಸೀರೆಗೆ ಇಸ್ತ್ರಿ ಹಾಕುತ್ತಿದ್ದ. ಇಸ್ತ್ರಿಪೆಟ್ಟಿಗೆಯನ್ನು ಯಾವುದೋ ಶತ್ರುವಿನ ಬೆನ್ನ ಮೇಲೆ ಎಳೆಯುವಂತೆ ಎಳೆಯುತ್ತಿದ್ದ. ಒಳ್ಳೆಯ ಮಾತನ್ನು ನಾಳೆಗೆ ಮುಂದೂಡಿ ಅವಳು ಚೀಲ ಇಡಲು ಒಳಗೆ ಹೋದಳು.

ಅವನು ಮನೆಯ ಕೆಲಸಕ್ಕೆ ಹಿಂಜರಿದವನಲ್ಲ. ಲಿಖಿತಾಳ ಜಡೆ ಹಾಕಲು ಕಲಿತ. ತರಕಾರಿ ಗಾಡಿಯವನ ಜೊತೆ ಸೊಪ್ಪಿನ ತಾಜಾತನದ ಬಗ್ಗೆ ಶಾಸ್ತ್ರಾರ್ಥ ನಡೆಸಿದ. ಆದರೆ ಚಿಕ್ಕಪ್ಪನ ಮಗನ ಮದುವೆಗೆ ಹೊಟ್ಟೆನೋವು ಬಂತು. ಉಪನಯನವೊಂದಕ್ಕೆ ತಲೆನೋವು. ದಾರಿಯಲ್ಲಿ ಯಾರಾದರೂ "ಈಗ ಎಲ್ಲಿದೀಯಪ್ಪಾ?" ಎಂದರೆ, "ಒಂದು ಸಂಶೋಧನೆ ನಡೀತಿದೆ" ಎಂದು ಹೇಳಿ ಸ್ಕೂಟರಿಗೆ ಒದೆಯುತ್ತಿದ್ದ. ಸ್ವಲ್ಪ ದಿನದ ಮೇಲೆ ಆ ಸಂಶೋಧನೆ ನಿಜವಾಗಿಯೇ ಶುರುವಾಯಿತು. ಅವಳು ಬಂದು ಕೈಕಾಲು ತೊಳೆಯುವಷ್ಟರಲ್ಲಿ, "ಲೈಬ್ರರಿಗೆ ಹೋಗ್ಬರ್ತೀನಿ" ಎಂದು ಹೊರಡುತ್ತಿದ್ದ. ಬರುವಾಗ ಮೈಯಿಂದ ಗೋಬಿ ಮಂಚೂರಿಯ ವಾಸನೆ. ಕದ್ದು ತಿನ್ನುತ್ತಿದ್ದಾನೆ ಪಾಪ, ತಿನ್ನಲಿ ಎಂದು ಶ್ರೀಗೌರಿ ಸುಮ್ಮನಿದ್ದಳು. ಆದರೆ ಹೊಟ್ಟೆ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ಅದೊಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ.

ಲಿಖಿತಾಳ ಹುಟ್ಟುಹಬ್ಬ ಬಂತು. ಪಾಯಸ ಬೇಡ, ಪೀಟ್ಜಾ ಬೇಕು ಎಂದು ಹಟ ಹಿಡಿದಳು. ಶ್ರೀಗೌರಿ ಭದ್ರಾವತಿಯಿಂದ ಬಂದವಳೇ ಫೋನಿನಲ್ಲಿ ಆರ್ಡರ್ ಮಾಡಿದಳು. "ನಿಮ್ಮ ಊಟವನ್ನು ವಿಷ್ಣು ತರುತ್ತಿದ್ದಾರೆ" ಎಂದು ಫೋನು ತಿಳಿಸಿತು. ಅವಳಿಗೆ ಏನೂ ಅನ್ನಿಸಲಿಲ್ಲ. ವಿಷ್ಣುವಿಗೆ ಸಾವಿರ ಹೆಸರಿರಬಹುದು. ಶಿವಮೊಗ್ಗದಲ್ಲಿ ಆ ಒಂದು ಹೆಸರಿನವರೇ ಸಾವಿರ ಜನ.

ಬೆಲ್ಲಾಯಿತು. ಬಾಗಿಲು ತೆರೆದವರು ಸುಭದ್ರಮ್ಮ. ಹೊರಗೆ ಬಣ್ಣದ ಟೀ ಶರ್ಟು, ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ಪೆಟ್ಟಿಗೆಯಂಥ ಚೀಲ ಹಾಕಿಕೊಂಡ ಮನುಷ್ಯ ನೆಲ ನೋಡುತ್ತ ನಿಂತಿದ್ದ. ಮಗನ ಪಾದಗಳನ್ನು ತಾಯಿ ಗುರುತಿಸದೆ ಇರುತ್ತಾಳೆಯೇ?

"ನೀನ್ಯಾಕೋ ಬೆಲ್ ಮಾಡ್ತೀಯ? ಒಳಗೆ ಬಾ."

"ಒಳಗೆ ಬರೋ ಹಾಗಿಲ್ಲಮ್ಮ" ಎಂದ ವಿಷ್ಣು ಹೆಲ್ಮೆಟ್ಟಿನೊಳಗಿಂದ. "ಡ್ಯೂಟಿ."

ಶ್ರೀಗೌರಿ ಓಡಿ ಬಂದಳು. ಗಂಡ ಹೆಂಡತಿ ಹೊಸ್ತಿಲಿನ ಆಚೆ ಈಚೆ ನಿಂತರು.

"ಓಟಿಪಿ ಹೇಳಿ" ಎಂದ. ಅಭ್ಯಾಸಬಲದಿಂದ ಬಹುವಚನ ಬಂದುಬಿಟ್ಟಿತು.

ಅವಳು ಹೇಳಿದಳು. ಅವನು ಡಬ್ಬಿ ಕೊಟ್ಟ. ಲಿಖಿತಾ ಒಳಗಿನಿಂದ, "ಅಪ್ಪಾನೇ ಪೀಟ್ಜಾ ತಂದಿದಾರೆ!" ಎಂದು ಕುಣಿದಳು. ಆ ಮನೆಯಲ್ಲಿ ಆ ಕ್ಷಣ ಸಂಕೋಚವಿಲ್ಲದೆ ಇದ್ದವಳು ಅವಳೊಬ್ಬಳೇ.

"ಬೇರೆ ಯಾರಿಗಾದ್ರೂ ಬಿಡಬಹುದಿತ್ತಲ್ಲ, ಮನೆ ಅಡ್ರೆಸ್ ನೋಡಿ" ಎಂದಳು ಶ್ರೀಗೌರಿ ಪಿಸುದನಿಯಲ್ಲಿ.

"ಬಿಟ್ರೆ ರೇಟಿಂಗ್ ಬೀಳುತ್ತೆ ಮಾರಾಯ್ತಿ. ಈ ವಾರ ಆಗ್ಲೇ ಎರಡು ಬಿಟ್ಟಿದೀನಿ. ಒಂದು ನಿಮ್ಮ ಹಳೇ ಪ್ರಿನ್ಸಿಪಾಲರ ಮನೆ. ಇನ್ನೊಂದು ನಿನ್ನ ತಮ್ಮನ ಮನೆ." ಸ್ವಲ್ಪ ತಡೆದು, "ಐದು ಸ್ಟಾರ್ ಕೊಡು ಆಯ್ತಾ" ಎಂದು ಮೆಟ್ಟಿಲಿಳಿದ.

ಪೀಟ್ಜಾ ತಿನ್ನುವಾಗ ಸುಭದ್ರಮ್ಮ ಬಾಗಿಲ ಕಡೆಯೇ ನೋಡುತ್ತಿದ್ದರು. ಅವನು ಹಿಂದಿರುಗಿ ಹೆಲ್ಮೆಟ್ಟು ತೆಗೆದಿಟ್ಟಾಗ ಕೇಳಿದರು: "ಆ ಚೀಲದೊಳಗೆ ಮಾಂಸಾನೂ ಇರುತ್ತೇನೋ?"

"ಪ್ಯಾಕ್ ಆಗಿರುತ್ತಮ್ಮ."

"ಪ್ಯಾಕ್ ಆದ್ರೆ ಕೋಳಿ ಎದ್ದು ಹೋಗುತ್ತೇನೋ?" ಎಂದರು ಸುಭದ್ರಮ್ಮ. ಆಮೇಲೆ ತಾವೇ ಎದ್ದು ಅವನಿಗೆ ಬಿಸಿ ಅನ್ನ ಬಡಿಸಿದರು. "ಊರಿಗೆಲ್ಲ ಊಟ ಹೊತ್ತು ಮನೆಗೆ ಹಸ್ಕೊಂಡು ಬರ್ತೀಯಲ್ಲ" ಎಂದರು. ತುಪ್ಪ ಎಂದಿಗಿಂತ ಹೆಚ್ಚು ಬಿತ್ತು.

ಮಾರನೆಯ ಬೆಳಿಗ್ಗೆ ಶ್ರೀಗೌರಿ ಅಡುಗೆಮನೆಯಲ್ಲಿ ಅವನನ್ನು ಹಿಡಿದಳು. "ನಂಗ್ಯಾಕೆ ಹೇಳ್ಲಿಲ್ಲ?"

"ನೀನು ದಿನಾ ಎಷ್ಟು ಖುಷೀಲಿ ಹೋಗ್ತಿದ್ದೆ" ಎಂದ ಅವನು, ಹಾಲಿನ ಪಾತ್ರೆಯಿಂದ ಕಣ್ಣೆತ್ತದೆ. "ಸ್ಟಾಫ್ ರೂಮಲ್ಲಿ ಯಾರಾದ್ರೂ 'ಸರ್ ಏನ್ಮಾಡ್ತಿದಾರೆ' ಅಂದ್ರೆ, ಗೊತ್ತಿಲ್ದಿದ್ರೆ ನೀನು ಸುಳ್ಳು ಹೇಳೋದು ತಪ್ಪುತ್ತೆ ಅಂತ."

ಹೈಕೋರ್ಟಿನ ವಿಷಯ ಅವಳು ಆಗ ಹೇಳಿದಳು. ವಿಷ್ಣು ಕಿವಿಯವರೆಗೆ ಕೆಂಪಾದ. ಹಾಲು ಉಕ್ಕಿ ಹೋಯಿತು.

ದಸರಾ ರಜೆ ಮುಗಿದು ಕಾಲೇಜು ತೆರೆದ ಕೆಲವೇ ದಿನಕ್ಕೆ ಪ್ರಿನ್ಸಿಪಾಲರು ಶ್ರೀಗೌರಿಯನ್ನು ಕರೆಸಿದರು. ಎದುರಿನ ಕುರ್ಚಿಯಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಮಂಡಿ ನೀವಿಕೊಳ್ಳುತ್ತ ಕೂತಿದ್ದರು. "ಇವರು ದಾಕ್ಷಾಯಣಿ ಮೇಡಂ. ಸಂಸ್ಕೃತಕ್ಕೆ ಟ್ರಾನ್ಸ್‌ಫರ್ ಆಗಿ ಬಂದಿದಾರೆ. ಕಾಯಂ" ಎಂದರು ಪ್ರಿನ್ಸಿಪಾಲರು. ಮುಂದಿನದನ್ನು ಹೇಳಲು ಅವರಿಗೆ ಕಷ್ಟವಾಗಿ ಫ್ಯಾನಿನ ಕಡೆ ನೋಡಿದರು. ಕಾಯಂ ಜನ ಬಂದ ದಿನವೇ ಅತಿಥಿ ಎದ್ದು ಹೋಗಬೇಕು. ಅದು ನಿಯಮ.

ಹೊಡೆದಾಡಲು ದಾಕ್ಷಾಯಣಿ ಕೆಟ್ಟವರಾಗಿಯೂ ಇರಲಿಲ್ಲ. "ನಾನು ಕೇಳಿದ್ದು ಬೇರೆ ಊರಮ್ಮ. ಇಲ್ಲಿಗೆ ಹಾಕಿದ್ರು" ಎಂದು ಕೈ ಹಿಡಿದುಕೊಂಡರು. ಸ್ಟಾಫ್ ರೂಮಿಗೆ ಬಂದು ಮೂಲೆಯ ಕುರ್ಚಿಯಲ್ಲಿ ಕೂತರು. ಅದು ಬಲಕ್ಕೆ ವಾಲಿತು. "ಹೊನ್ನಯ್ಯ, ಇದೇನಪ್ಪ ಹೀಗಿದೆ?" ಎಂದರು. ಹೊನ್ನಯ್ಯ ಹೋಗಿ ಸ್ಟೋರಿನಿಂದ ಹೊಸ ಕುರ್ಚಿ ತಂದ. ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿರಲಿಲ್ಲ. ಇಷ್ಟು ವರ್ಷ ಆ ಕುರ್ಚಿ ಅಲ್ಲೇ ಇತ್ತು. ಕಾಯಂ ಎಂಬ ಪದದ ಅರ್ಥವನ್ನು ಶ್ರೀಗೌರಿಗೆ ಇಷ್ಟು ಚೆನ್ನಾಗಿ ಯಾವ ನಿಘಂಟೂ ಹೇಳಿರಲಿಲ್ಲ.

ಕ್ಲಾಸಿಗೆ ಹೋಗಿ, ಶ್ಲೋಕವೊಂದರ ಅರ್ಧ ಅರ್ಥ ಉಳಿದಿತ್ತು, ಅದನ್ನು ಮುಗಿಸಿ, ವಿಷಯ ತಿಳಿಸಿದಳು. ಸ್ಪಂದನಾ ಒಬ್ಬಳೇ ಎದ್ದು ನಿಂತು, "ಹೈಕೋರ್ಟೂ ಟೆಂಪರರಿನಾ ಮೇಡಂ?" ಎಂದಳು. ನಗು ಬಂತು. ನಗುತ್ತಲೇ ಹೊರಗೆ ಬಂದು, ಬಸ್ಸು ಹತ್ತಿ, ಅವಳು ಅತ್ತಳು. ಪಕ್ಕದಲ್ಲಿ ಕೂತಿದ್ದ ಹೂವಿನ ಬುಟ್ಟಿಯ ಅಜ್ಜಿ ಏನೂ ಕೇಳದೆ ಒಂದು ಮೊಳ ಸೇವಂತಿಗೆ ಮುರಿದು ಅವಳ ಮಡಿಲಿಗೆ ಹಾಕಿ, ದುಡ್ಡು ಕೊಡಹೋದರೆ ಗದರಿದಳು.

ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ವಿಷ್ಣು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅದೇ ಟೀ ಶರ್ಟು. ಹೊನ್ನಯ್ಯ ಫೋನು ಮಾಡಿದ್ದನಂತೆ.

"ಕೂತ್ಕೋ. ಆದ್ರೆ ಒಂದು ಆರ್ಡರ್ ಇದೆ. ರಾಗಿಗುಡ್ಡಕ್ಕೆ ಕೊಟ್ಟು ಮನೆಗೆ ಹೋಗೋಣ." ಬೆನ್ನ ಮೇಲಿನ ಚೀಲ ಅವಳಿಗೆ ಅಡ್ಡವಾಗುತ್ತಿತ್ತು. ಅದನ್ನು ಬಿಚ್ಚಿ ಅವಳ ತೊಡೆಗೆ ಕೊಟ್ಟ.

ಗಂಜಿ ಹಾಕಿದ ಹತ್ತಿ ಸೀರೆ, ಮುಡಿಯಲ್ಲಿ ಸೇವಂತಿಗೆ, ತೊಡೆಯ ಮೇಲೆ ಬೆಚ್ಚಗಿನ ಪೆಟ್ಟಿಗೆ. ಸ್ವಲ್ಪ ದೂರ ಹೋದ ಮೇಲೆ ಶ್ರೀಗೌರಿ ಮೂಗು ಅರಳಿಸಿದಳು. "ರೀ, ಇದೇನು?"

"ಚಿಕನ್ ಬಿರಿಯಾನಿ. ಅಲ್ಲಾಡಿಸ್ಬೇಡ."

ಅವಳು ಅಲ್ಲಾಡಿಸಲಿಲ್ಲ. ಹಸುಗೂಸನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಳು.

ರಾಗಿಗುಡ್ಡದ ಕೆಳಗಿನ ಒಂದು ಮನೆಯ ಮಹಡಿಯಿಂದ, "ಎಷ್ಟು ಲೇಟಣ್ಣಾ!" ಎಂದು ಕೂಗಿಕೊಂಡು ಒಬ್ಬ ಹುಡುಗ ಇಳಿದು ಬಂದ. ಪೆಟ್ಟಿಗೆ ಹಿಡಿದು ನಿಂತವಳನ್ನು ನೋಡಿದ್ದೇ ಚಡ್ಡಿ ಸರಿಮಾಡಿಕೊಂಡು ನೆಟ್ಟಗಾದ. "ಮೇಡಂ! ನಮಸ್ತೆ ಮೇಡಂ!"

ಅವಳ ಹಳೆಯ ಕಾಲೇಜಿನ ಹುಡುಗ. "ಏನಪ್ಪಾ, ಸಂಸ್ಕೃತ ಪೇಪರ್ ಆಯ್ತಾ?" ಎಂದು ಬಿರಿಯಾನಿ ಕೈಗಿಟ್ಟಳು.

"ಇನ್ನೊಂದು ಸಲ ಕಟ್ಟಿದೀನಿ ಮೇಡಂ... ನೀವು ಇಲ್ಲಿ?"

ಒಂದು ಕ್ಷಣ ವಿಷ್ಣು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡ. ಶ್ರೀಗೌರಿ, "ನಮ್ಮ ಯಜಮಾನರು. ಅವರ ಡ್ಯೂಟಿ. ಜೊತೆಗೆ ಬಂದೆ" ಎಂದಳು, ಮದುವೆಮನೆಯಲ್ಲಿ ಪರಿಚಯ ಮಾಡಿಕೊಟ್ಟಷ್ಟು ಸಲೀಸಾಗಿ. "ಐದು ಸ್ಟಾರ್ ಕೊಡು. ಆಮೇಲೆ ಓದ್ಕೋ."

ಸವಳಂಗ ರಸ್ತೆಯಲ್ಲಿ ಸಂಜೆಯ ಗಾಡಿಗಳ ಸಾಲು. ಅವಳು ಅವನ ಇಳಿದ ಭುಜದ ಮೇಲೆ ಕೈಯಿಟ್ಟಳು.

"ಒಂದು ಹೇಳ್ಲಾ? ನಾನು ಮನೆಗೋಸ್ಕರ ಭದ್ರಾವತಿ ಅನ್ಲಿಲ್ಲ. ನಂಗೆ ಬೇಕಿತ್ತು. ತುಂಬಾ ಬೇಕಿತ್ತು."

"ಗೊತ್ತಿತ್ತು" ಎಂದ ವಿಷ್ಣು. "ನಾನು ತಲೆಯಾಡಿಸ್ತಿದ್ನಲ್ಲ, ಆಗ ಒಳಗೆ ರಾಯರಿಗೆ ಹರಕೆ ಕಟ್ಕೋತಿದ್ದೆ, ಇವಳ ಬಾಯಲ್ಲಿ ಬೇರೆ ಊರಿನ ಹೆಸರು ಬರಿಸಪ್ಪಾ ಅಂತ."

ಶ್ರೀಗೌರಿ ನಕ್ಕ ರಭಸಕ್ಕೆ ಸ್ಕೂಟರ್ ಓಲಾಡಿತು. ಪಕ್ಕದ ಆಟೋದವನು ಏನೋ ಬೈದ.

ಸಂಕ್ರಾಂತಿಯ ಹೊತ್ತಿಗೆ ಭದ್ರಾವತಿಯ ಇನ್ನೊಂದು ಕಾಲೇಜಿನಲ್ಲಿ ಅರ್ಧ ಹೊರೆಯ ಪಾಠ ತೆರವಾಯಿತು. ಜಾಗ ಕಳೆದುಕೊಂಡು ಎದ್ದು ಬಂದ ಅತಿಥಿಗೇ ಆದ್ಯತೆಯೆಂದು ಮೊದಲ ಕರೆ ಶ್ರೀಗೌರಿಗೇ ಬಂತು. ಅರ್ಧ ವಾರ ಅವಳು ಹೋಗುತ್ತಾಳೆ. ಉಳಿದ ದಿನ ಬೆಳಿಗ್ಗೆ ವಿಷ್ಣುವನ್ನು ಮುಂದೆ ಕೂರಿಸಿಕೊಂಡು ಅರ್ಹತಾ ಪರೀಕ್ಷೆಗೆ ಪಾಠ ಹೇಳುತ್ತಾಳೆ. ಬಹಳ ಬಿಗಿ ಮೇಷ್ಟ್ರು. ತಪ್ಪಾದರೆ ಹತ್ತು ಸಲ ಬರೆಸುತ್ತಾಳೆ. ಸಂಜೆ ಅವನು ಚೀಲ ಬೆನ್ನಿಗೇರಿಸುತ್ತಾನೆ. ಪಾಸಾದರೂ ಕಾಯಂ ಆಗುವುದಿಲ್ಲ, ಪಟ್ಟಿಯಲ್ಲಿ ಒಂದೆರಡು ಮೆಟ್ಟಿಲು ಮೇಲೇರಬಹುದಷ್ಟೇ ಎಂದು ಇಬ್ಬರಿಗೂ ಗೊತ್ತು.

"ಹಾಗಾದ್ರೆ ಮುಂದಿನ ವರ್ಷ ನಾವಿಬ್ರೂ ಸರಿಸಮ ಆಗ್ತೀವಿ" ಎಂದ ವಿಷ್ಣು ಒಂದು ಬೆಳಿಗ್ಗೆ, ಬರೆಯುವುದನ್ನು ನಿಲ್ಲಿಸಿ. "ಒಂದೇ ಜಾಗ ಇದ್ರೆ ಏನ್ ಮಾಡ್ತೀಯ?"

"ತಗೋತೀನಿ" ಎಂದಳು ಶ್ರೀಗೌರಿ. "ನೀವು ಬರೀರಿ."